ಮಾಯವಾದ ಸಾಲು, ಮಂಕಾದ ಸಾಲು

ಗೋಕಾಕದಿಂದ ಬೇರ್ಪಟ್ಟು ತಾನೇ ಒಂದು ತಾಲೂಕಾಗಿರುವ ಮೂಡಲಗಿಯಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಕಣ್ಣಿನ ಪೊರೆ ತೆಗೆಸಿಕೊಂಡಂದಿನಿಂದ ಫೋನಿನ ಸಣ್ಣ ಅಕ್ಷರಗಳು ಅವರಿಗೆ ಒಗ್ಗುವುದಿಲ್ಲ. ಪುಣೆಯಲ್ಲಿರುವ ಮಗನು ತನ್ನ ಹಳೆಯ ಗಣಕಯಂತ್ರವನ್ನು ತಂದು ನಡುಮನೆಯ ಮೇಜಿನ ಮೇಲಿಟ್ಟು, ಅದರ ಅಗಲವಾದ ಪರದೆಯ ಮೇಲೆ ವಾಟ್ಸ್‌ಆ್ಯಪ್ ಮೂಡುವಂತೆ ಮಾಡಿ ಹೋಗಿದ್ದಾನೆ. ಅಕ್ಷರಗಳು ದಪ್ಪ, ಕೀಲಿಮಣೆ ವಿಶಾಲ. ಮಾಸ್ತರರಿಗೆ ಹೋದ ಕಣ್ಣು ಬಂದಂತಾಯಿತು.

ಒಂದು ಬುಧವಾರ ರಾತ್ರಿ ಅವರು ತಮ್ಮ ಮನೆಯಾಕೆಯ ಮೊದಲನೆಯ ಪುಣ್ಯತಿಥಿಯ ಕರೆಯನ್ನು ಬಂಧುಗಳ ಗುಂಪಿಗೆ ಕಳಿಸಿದರು. ಕಾರ್ಯವಿದ್ದುದು ರವಿವಾರ, ಬೆರಳು ಬರೆದುದು ಶನಿವಾರ. ಮರುದಿನ ಬೆಳಗ್ಗೆ ಚಹದ ಬಟ್ಟಲನ್ನು ಹಿಡಿದು ತಮ್ಮ ಬರಹವನ್ನು ತಾವೇ ಮತ್ತೊಮ್ಮೆ ಓದಿದಾಗ ಎದೆ ಧಸಕ್ಕೆಂದಿತು. ಹುಕ್ಕೇರಿಯವರು, ಗೋಕಾಕದವರು, ಕೊಲ್ಲಾಪುರದ ಬೀಗರು, ಎಲ್ಲರೂ ಒಂದು ದಿನ ಮೊದಲೇ ಬಂದು ಬಾಗಿಲು ತಟ್ಟುವರು. ಕಾರ್ಯದ ದಿನ ಮನೆಯಲ್ಲಿ ಯಾರೂ ಇರಲಾರರು. ಸಂದೇಶವನ್ನು ತಿದ್ದುವ ‘ಎಡಿಟ್’ ಎಂಬ ಸಾಲು ಮೆನುವಿನಲ್ಲಿರುವುದನ್ನು ಅವರು ಬಲ್ಲರು. ಹಿಂದೆ ಎರಡು ಸಲ ಬಳಸಿಯೂ ಇದ್ದರು. ಮೌಸಿನ ಬಲಗುಂಡಿಯನ್ನೊತ್ತಿ ನೋಡಿದರೆ ಆ ಸಾಲೇ ಇಲ್ಲ!

ನೆರೆಮನೆಯ ಕಾಲೇಜು ಹುಡುಗನು ಬಂದನು. ಅವನು ಎರಡು ಸಲ ಒತ್ತಿ ನೋಡಿ ತೀರ್ಪು ಕೊಟ್ಟನು.

“ಅಜ್ಜಾರ, ಇದು ಕೆಟ್ಟೈತಿ ಬಿಡ್ರಿ. ಒಮ್ಮಿ ತಗದು ಮತ್ತ ಹಾಕೂಣು, ಸರಿ ಆಗತೈತಿ.”

ತೆಗೆದದ್ದೇನೋ ಸುಲಭವಾಯಿತು. ಹಾಕಿದ ಮೇಲೆ ಪರದೆಯ ಮೇಲೊಂದು ಕ್ಯೂಆರ್ ಚೌಕವು ಮೂಡಿ, ಫೋನಿನಿಂದ ಅದನ್ನು ಹಿಡಿಯಿರೆಂದು ಕೇಳಿತು. ಫೋನು ಆಗ ಹೊಲಕ್ಕೆ ಹೋಗಿದ್ದ ತಮ್ಮನ ಕಿಸೆಯಲ್ಲಿತ್ತು. ತಮ್ಮನು ಬಂದುದು ಸಂಜೆಗೆ. ಆಗ ಮತ್ತೆ ಜೋಡಿಸಿ ನೋಡಿದರೆ, ಸಂದೇಶವಿದೆ, ಶನಿವಾರವಿದೆ, ‘ಎಡಿಟ್’ ಮಾತ್ರ ಇಲ್ಲ.

ಕೊನೆಗೆ ಹುಕ್ಕೇರಿಯಿಂದ ಮಗಳು ಫೋನಿನಲ್ಲಿ ಬಿಡಿಸಿ ಹೇಳಿದಳು. “ಅಪ್ಪಾರ, ಅದೇನೂ ಕೆಟ್ಟಿಲ್ಲರಿ. ಹದಿನೈದು ನಿಮಿಷ ಆತಂದ್ರ ತಿದ್ದೂದು ತಾನ ಬಂದ್ ಆಗತೈತಿ. ಆದ್ರ ಅಳಸೂದು ಇನ್ನೂ ಐತಿ, ನೋಡ್ರಿ. ‘ಡಿಲೀಟ್’ ಒತ್ತಿ, ‘ಎಲ್ಲರಿಗೂ’ ಅನ್ನೂದನ್ನ ಆರಿಸ್ರಿ. ‘ನನಗಷ್ಟ’ ಅನ್ನೂದನ್ನ ಒತ್ತಬ್ಯಾಡ್ರಿ ಮತ್ತ.”

ಮಗಳ ಮಾತು ಅಕ್ಷರಶಃ ನಿಜ. ವಾಟ್ಸ್‌ಆ್ಯಪ್ ತಿದ್ದುವ ಸೌಕರ್ಯವನ್ನು ಕೊಟ್ಟುದು 2023ರ ಮೇ ತಿಂಗಳಲ್ಲಿ. ಅದರ ಗಡುವು ಸಂದೇಶ ಕಳಿಸಿದ 15 ನಿಮಿಷ. ಎಲ್ಲರ ಪರದೆಯಿಂದಲೂ ಅಳಿಸುವ ಸೌಕರ್ಯವು ಅದಕ್ಕಿಂತ ಹಿರಿಯದು. 2017ರಲ್ಲಿ ಅದು ಬಂದಾಗ ಕೇವಲ 7 ನಿಮಿಷದ ಅವಕಾಶವಿತ್ತು. ಬರಬರುತ್ತ ಹಿಗ್ಗಿ, 2022ರಿಂದ ಎರಡು ದಿನಕ್ಕೂ ತುಸು ಮಿಗಿಲಾಗಿದೆ. ಬುಧವಾರ ರಾತ್ರಿಯ ಸಂದೇಶವನ್ನು ಗುರುವಾರ ಸಂಜೆ ಅಳಿಸಲು ಯಾವ ಅಡ್ಡಿಯೂ ಇರಲಿಲ್ಲ. ಗುರುವಾರ ಬೆಳಗ್ಗೆಯೂ ಇರಲಿಲ್ಲ. ಮುಚ್ಚಿದ ಬಾಗಿಲಿನ ಪಕ್ಕದಲ್ಲಿಯೇ ತೆರೆದ ಬಾಗಿಲಿತ್ತು. ‘ನನಗಷ್ಟೇ’ ಎಂಬುದನ್ನು ಒತ್ತಿದ್ದರೆ ತಪ್ಪು ಕರೆಯು ಮಾಸ್ತರರ ಕಣ್ಣಿಗೆ ಮಾತ್ರ ಮರೆಯಾಗಿ ಉಳಿದವರ ಬಳಿ ಹಾಗೆಯೇ ಇರುತ್ತಿತ್ತು. ಹಾಗೆ ಕೈತಪ್ಪಿ ಒತ್ತಿದವರಿಗಾಗಿ 2022ರ ಡಿಸೆಂಬರಿನಿಂದ ಒಂದು ‘ಅನ್‌ಡೂ’ ಗುಂಡಿಯನ್ನಿಟ್ಟಿದ್ದಾರೆ. ಅದರ ಆಯುಷ್ಯ ಐದೇ ಸೆಕೆಂಡು. ಕನ್ನಡಕ ಹುಡುಕುವಷ್ಟರಲ್ಲಿ ಅದು ತೀರಿಹೋಗುತ್ತದೆ!

ಮೆನುವಿನ ಸಾಲುಗಳು ಹೀಗೆ ಕೆಲವೊಮ್ಮೆ ಬೂದಿಬಣ್ಣಕ್ಕೆ ತಿರುಗುವುದು, ಕೆಲವೊಮ್ಮೆ ಪೂರ್ತಿ ಕಾಣೆಯಾಗುವುದು ಹೊಸ ಚಾಳಿಯೇನಲ್ಲ. 1983ರಲ್ಲಿ ಆ್ಯಪಲ್ ಕಂಪನಿಯ ಲಿಸಾ ಎಂಬ ಯಂತ್ರವೂ ಮರುವರ್ಷ ಮ್ಯಾಕಿಂಟಾಷ್ ಎಂಬುದೂ ಬಂದಾಗಲೇ ಈ ಪದ್ಧತಿಯಿತ್ತು. ಆ ಹೊತ್ತಿಗೆ ಮಾಡಲಾಗದ ಕೆಲಸವನ್ನು ಮಂಕಾಗಿಸಿ ತೋರಿಸಿದರೆ ಬಳಸುವವನು ತಪ್ಪಿ ಬೀಳಲಾರನೆಂಬುದು ನಿರ್ಮಾಪಕರ ಎಣಿಕೆ. ಎಣಿಕೆ ಒಳ್ಳೆಯದೇ. ಆದರೆ ಸಾಲು ಏಕೆ ಮಂಕಾಯಿತೆಂಬುದನ್ನು ಅದು ಹೇಳುವುದಿಲ್ಲ. ಜೋಯೆಲ್ ಸ್ಪಾಲ್ಸ್ಕಿ ಎಂಬ ಅಮೇರಿಕದ ತಂತ್ರಜ್ಞರು 2008ರಲ್ಲಿ ಇದನ್ನೇ ಎತ್ತಿ ಆಡಿದರು: ಮಂಕಾಗಿಸಲೂ ಬೇಡಿರಿ, ಮರೆಮಾಡಲೂ ಬೇಡಿರಿ, ಒತ್ತಿದವನಿಗೆ ಈಗೇಕೆ ಆಗದೆಂಬುದನ್ನು ಹೇಳಿರಿ ಎಂಬುದು ಅವರ ವಾದದ ತಿರುಳು. ಅವರ ಮಾತನ್ನು ಕೇಳಿದವರು ಕಡಿಮೆ. 2013ರ ಜುಲೈವರೆಗೆ ಬದುಕಿದ್ದ ತಂತಿಯ ಕಾಲದಲ್ಲಿ ಕಿಟಕಿಯ ಒಳಗಿದ್ದ ಗುಮಾಸ್ತನು ಸಿಡುಕಿಯಾದರೂ ಕಾರಣವನ್ನು ಹೇಳುತ್ತಿದ್ದನು: ವೇಳೆ ಮೀರಿತು, ವಿಳಾಸ ಸಾಲದು, ಹಣ ಸಾಲದು. ಈ ಕಿಟಕಿಯಲ್ಲಿ ಗುಮಾಸ್ತನಿಲ್ಲ. ಕಾರಣವನ್ನು ಬಳಸುವವರೇ ಊಹಿಸಿಕೊಳ್ಳಬೇಕು.

ಊಹೆಗೊಂದು ದಾರಿಯಿದೆ. ಸಾಲು ಮಾಯವಾದೊಡನೆ ‘ಯಂತ್ರ ಕೆಟ್ಟಿದೆ’ ಎನ್ನುವ ಬದಲು ‘ಯಾವ ನಿಬಂಧನೆ ತಪ್ಪಿದೆ’ ಎಂದು ಕೇಳಿಕೊಂಡರೆ ಹತ್ತರಲ್ಲಿ ಎಂಟು ಸಲ ಉತ್ತರ ಅಲ್ಲಿಯೇ ಸಿಗುತ್ತದೆ. ಮಾಸ್ತರರ ವಿಷಯದಲ್ಲಿ ತಪ್ಪಿದ್ದು ವೇಳೆ. ಬೇರೆ ಕಡೆ ತಪ್ಪುವುದು ಅಧಿಕಾರವಿದ್ದೀತು.

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಬಂದು ಗೋಕಾಕದ ಲೋಳಸೂರ ಸೇತುವೆ ಮುಳುಗಿದುದನ್ನೂ ಪೇಟೆಯೊಳಗೆ ನೀರು ನುಗ್ಗಿದುದನ್ನೂ ಆ ಊರಿನವರು ಮರೆತಿಲ್ಲ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಎಷ್ಟು ನೀರು ಬಿಟ್ಟರು ಎಂಬುದು ಅಂಥ ದಿನಗಳಲ್ಲಿ ಕೆಳಗಿನ ಊರುಗಳಿಗೆ ಜೀವದ ಪ್ರಶ್ನೆ. ಇಂಥ ಹೊತ್ತಿನಲ್ಲಿ ಓಣಿಯ ಗುಂಪು ನಡೆಸುವವನು ಮಾಡುವ ಮೊದಲ ಕೆಲಸ, ಅಡ್ಮಿನ್‌ಗಳ ಹೊರತು ಯಾರೂ ಬರೆಯದಂತೆ ಬಾಗಿಲಿಕ್ಕುವುದು. ಈ ಸೌಕರ್ಯವು 2018ರಿಂದ ಇದೆ. ಹಳೆಯ ಚಿತ್ರಗಳೂ ಬೇರೆ ನದಿಯ ವೀಡಿಯೋಗಳೂ ಹರಿದುಬಂದು ನಿಜವಾದ ಸುದ್ದಿ ಮುಳುಗಬಾರದೆಂಬುದು ಅದರ ಉದ್ದೇಶ. ಆದರೆ ದೂರದ ಊರಿನಲ್ಲಿ ಕಚೇರಿಯ ಗಣಕದ ಮುಂದೆ ಕುಳಿತ ಮಗಳಿಗೆ, ಬರೆಯುವ ಪಟ್ಟಿಯೇ ಇಲ್ಲದ ಪರದೆಯನ್ನು ಕಂಡರೆ ಏನೆನಿಸೀತು? ‘ನಮ್ಮವ್ವ ಮಾಳಿಗೆ ಏರಿದ್ದಾಳೋ ಇಲ್ಲವೋ’ ಎಂದು ಕೇಳಲು ಬಾಯಿಲ್ಲದಂತಾಗುತ್ತದೆ. ಅವಳು ಆ್ಯಪನ್ನು ಮುಚ್ಚಿ ತೆರೆಯುತ್ತ ಕೂಡಬೇಕಾಗಿಲ್ಲ. ಸದಸ್ಯರ ಪಟ್ಟಿಯಲ್ಲಿ ‘ಅಡ್ಮಿನ್’ ಎಂದು ಗುರುತಿರುವ ಹೆಸರನ್ನು ಒತ್ತಿ, ಅವನಿಗೆ ಬೇರೆಯಾಗಿ ಬರೆಯಬಹುದು. ಅದಕ್ಕಿಂತಲೂ ಒಳ್ಳೆಯದು ನೇರವಾಗಿ ಕರೆ ಮಾಡುವುದು. ಹೊಸಬರನ್ನು ಸೇರಿಸುವ ಸಾಲು, ಗುಂಪಿನ ಹೆಸರನ್ನು ಬದಲಿಸುವ ಸಾಲು ಕೆಲವರಿಗೆ ಕಾಣದಿರುವುದೂ ಇದೇ ಕಾರಣದಿಂದ. ಇದನ್ನು ಗಣಕದಲ್ಲಿ ಹುಡುಕಿ ಫಲವಿಲ್ಲ. ಗುಂಪಿನ ಯಜಮಾನನನ್ನು ಹುಡುಕಬೇಕು.

ಇನ್ನು ಕೆಲವು ಬಾಗಿಲುಗಳನ್ನು ಕಂಪನಿಯೇ ಎಲ್ಲರಿಗೂ ಮುಚ್ಚಿದೆ, ಮತ್ತು ಅದರ ಹಿಂದೆ ಕನ್ನಡನಾಡಿನದೇ ಒಂದು ಕಹಿ ನೆನಪಿದೆ. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ಸಂದೇಶಗಳು 2018ರಲ್ಲಿ ದೇಶದ ತುಂಬ ಫೋನಿನಿಂದ ಫೋನಿಗೆ ಹಾರಿದವು. ಆ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಗುಂಪೊಂದು ಇಂಥದೇ ಸಂಶಯದಿಂದ ಪರವೂರಿನ ತರುಣರ ಮೇಲೆ ಬಿದ್ದು ಒಬ್ಬನನ್ನು ಕೊಂದುಹಾಕಿತು. ಅದೇ ತಿಂಗಳಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಮುಂದೂಡಲಾಗದಂತೆ ಮಿತಿ ಹಾಕುವುದಾಗಿ ಸಾರಿತು. ಚಿತ್ರ, ವೀಡಿಯೋಗಳ ಮಗ್ಗುಲಲ್ಲಿದ್ದ ಮುಂದೂಡುವ ಗುಂಡಿಯನ್ನೂ ಕಿತ್ತುಹಾಕುವುದಾಗಿ ಹೇಳಿತು. 2020ರ ಏಪ್ರಿಲಿನಿಂದ, ಬಹಳ ಸಲ ಕೈಬದಲಿಸಿದ ಸಂದೇಶವು ಒಮ್ಮೆಗೆ ಒಂದೇ ಕಡೆಗೆ ಹೋಗುತ್ತದೆ. ‘ಹತ್ತು ಗುಂಪುಗಳಿಗೆ ಶುಭೋದಯ ಕಳಿಸಬೇಕೆಂದರೆ ಬಿಡುತ್ತಿಲ್ಲ’ ಎಂದು ಗೊಣಗುವ ಹಿರಿಯರು ಮನೆಮನೆಯಲ್ಲಿದ್ದಾರೆ. ಅವರಿಗೆ ಈ ಸಂಗತಿಯನ್ನು ಒಮ್ಮೆ ತಿಳಿಸಿ ಹೇಳುವುದು ಉಚಿತ. ಇಂಥದೇ ಇನ್ನೊಂದು ಬಾಗಿಲನ್ನು ಎದುರಿನವರೇ ಮುಚ್ಚಬಹುದು. 2025ರ ಏಪ್ರಿಲಿನಲ್ಲಿ ಬಂದ ಹೆಚ್ಚಿನ ಗೋಪ್ಯತೆಯ ಏರ್ಪಾಟನ್ನು ಒಬ್ಬರು ಹಾಕಿಕೊಂಡರೆ, ಆ ಮಾತುಕತೆಯನ್ನು ಹೊರಗೆ ಸಾಗಿಸುವ ‘ಎಕ್ಸ್‌ಪೋರ್ಟ್’ ಸಾಲು ಮತ್ತೊಬ್ಬರಿಗೂ ಸಿಗುವುದಿಲ್ಲ.

ಗೋಕಾಕದಲ್ಲಿ ಕರದಂಟಿನ ಅಂಗಡಿಯ ಗಲ್ಲೆಯ ಪಕ್ಕದಲ್ಲಿಯೂ ಇಂದು ಗಣಕಯಂತ್ರವೊಂದು ಕುಳಿತಿರಬಹುದು. ಬೆಂಗಳೂರಿನ ಗಿರಾಕಿಗಳು ವಾಟ್ಸ್‌ಆ್ಯಪಿನಲ್ಲಿ ಬೇಡಿಕೆ ಕಳಿಸುತ್ತಾರೆ. ಗುಮಾಸ್ತನು ಕೀಲಿಮಣೆಯಿಂದ ಉತ್ತರ ಬರೆಯುತ್ತಾನೆ. ಒಬ್ಬ ಗಿರಾಕಿಯು, ಸರಕು ತರುವವನು ಎಲ್ಲಿದ್ದಾನೆಂಬ ಗುರುತನ್ನು ಕಳಿಸಿರೆಂದರೆ ಗುಮಾಸ್ತನು ಮೆನುವನ್ನೆಲ್ಲ ಜಾಲಾಡುತ್ತಾನೆ. ಚಲಿಸುತ್ತಿರುವವನ ನೆಲೆಯನ್ನು ತೋರಿಸುವುದು ಫೋನಿನ ಕೆಲಸ. ಗಲ್ಲೆಯ ಪಕ್ಕದ ಗಣಕ ಎಲ್ಲಿಗೂ ಹೋಗುವುದಿಲ್ಲವಲ್ಲ! ಹಣ ಕೊಡುವ ಸಾಲು, ನಂಬರು ಬದಲಿಸುವ ಸಾಲು, ಹಳೆಯ ಮಾತುಕತೆಯ ಪ್ರತಿಯನ್ನು ಕಾದಿಡುವ ಸಾಲು, ಇವೆಲ್ಲ ಫೋನಿನಲ್ಲಿಯೇ ಉಳಿದಿವೆ. ಒಮ್ಮೆ ನೋಡಿ ಮರೆಯಾಗುವ ಚಿತ್ರವು ಬಂದರೆ ಗಣಕದ ಪರದೆಯು ಅದನ್ನು ಬಿಚ್ಚಿ ತೋರಿಸದೆ ಫೋನಿನ ಕಡೆ ಬೆರಳು ತೋರುತ್ತದೆ. ಫೋನು ಯಜಮಾನ, ಗಣಕವು ಅದರ ಮುನೀಮ. ಮುನೀಮನ ಕೈಗೆ ತಿಜೋರಿಯ ಕೀಲಿ ಕೊಡುವ ವಾಡಿಕೆ ಇಲ್ಲಿಲ್ಲ. ಕರೆ ಮಾಡುವ ಗುರುತು ಮಂಕಾಗಿದ್ದರೆ ಮಾತ್ರ ಬೇರೆ ಲೆಕ್ಕ. ಮೇಜಿನ ಮೇಲಿನ ಗಣಕಕ್ಕೆ ಮೈಕೇ ಇರದಿರಬಹುದು. ಇದ್ದರೂ ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ಅದನ್ನು ಬಳಸಲು ಅಪ್ಪಣೆ ಕೊಟ್ಟಿರದಿರಬಹುದು.

ಯಜಮಾನನಿಲ್ಲದೆ ಮುನೀಮನು ಬಹಳ ದಿನ ಅಂಗಡಿ ನಡೆಸಲಾರನು. 2021ಕ್ಕಿಂತ ಮುಂಚೆ ಫೋನಿನಲ್ಲಿ ಇಂಟರ್ನೆಟ್ ಇದ್ದಾಗ ಮಾತ್ರ ಗಣಕದಲ್ಲಿ ಸಂದೇಶ ನಡೆಯುತ್ತಿತ್ತು. ಆಮೇಲೆ ಬಂದ ಏರ್ಪಾಟಿನಲ್ಲಿ ನಾಲ್ಕು ಯಂತ್ರಗಳವರೆಗೆ ಜೋಡಿಸಬಹುದು, ಫೋನು ಆರಿದ್ದರೂ ಅವು ನಡೆಯುತ್ತವೆ. ಆದರೆ 14 ದಿನಕ್ಕಿಂತ ಹೆಚ್ಚು ಕಾಲ ಫೋನಿನಲ್ಲಿ ವಾಟ್ಸ್‌ಆ್ಯಪನ್ನು ತೆರೆಯದಿದ್ದರೆ ಎಲ್ಲವೂ ಕಳಚಿಕೊಳ್ಳುತ್ತವೆ. ಮುರಿದ ಫೋನನ್ನು ರಿಪೇರಿಗೆ ಕೊಟ್ಟು ತಿಂಗಳುಗಟ್ಟಲೆ ಗಣಕದಿಂದಲೇ ಕಾಲ ಹಾಕಬಹುದೆಂದು ನಂಬಿದವರು ಹದಿನೈದನೆಯ ದಿನ ಬೆಚ್ಚಿಬೀಳುತ್ತಾರೆ.

ಹಳೆಯ ಯಂತ್ರಗಳಲ್ಲಿ ಕಾಣುವ ಇನ್ನೊಂದು ಕಾಟವನ್ನು ಹೆಚ್ಚಿನವರು ಊಹಿಸಲಾರರು: ಗಡಿಯಾರ. ಗಣಕವನ್ನು ಆರಿಸಿದಾಗಲೂ ಅದರೊಳಗಿನ ಗಡಿಯಾರ ಓಡುತ್ತಿರಲೆಂದು ನಾಣ್ಯದಾಕಾರದ ಸಣ್ಣ ಬ್ಯಾಟರಿಯೊಂದನ್ನು ಹಾಕಿರುತ್ತಾರೆ. ಕೆಲವು ವರ್ಷಗಳಲ್ಲಿ ಅದು ಸಾಯುತ್ತದೆ. ಆಮೇಲೆ ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರವು ತನ್ನನ್ನು ಹತ್ತು ಹದಿನೈದು ವರ್ಷ ಹಿಂದಿನದೆಂದು ತಿಳಿಯುತ್ತದೆ. ಹುಕ್ಕೇರಿಯಲ್ಲಿ 1969ರಷ್ಟು ಹಿಂದೆಯೇ ಜನರೇ ಸೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವನ್ನು ಕಟ್ಟಿದರು. ಸಂಘವಿದ್ದರೇನು, ಮಳೆಗಾಳಿಗೆ ಬೆಳಕು ಹೋಗದ ಊರು ಯಾವುದಿದೆ? ಈಗ ಸಂದೇಶದ ಆ್ಯಪು ದೂರದ ಯಂತ್ರದೊಡನೆ ಮಾತಾಡುವ ಮುನ್ನ ಅದರ ಗುರುತಿನ ಚೀಟಿಯನ್ನು ತಾರೀಖಿನೊಡನೆ ತಾಳೆ ನೋಡುತ್ತದೆ. ಗಣಕದ ಪಂಚಾಂಗದ ಪ್ರಕಾರ ಆ ಚೀಟಿ ಇನ್ನೂ ಹುಟ್ಟಿಯೇ ಇಲ್ಲ! ಆದುದರಿಂದ ನಂಟು ಬೆಳೆಯುವುದಿಲ್ಲ, ಸಾಲುಗಳು ಸತ್ತಂತೆ ಬಿದ್ದಿರುತ್ತವೆ. ಪರದೆಯ ಕೆಳಮೂಲೆಯ ತಾರೀಖನ್ನು ನೋಡಿ ಸರಿಪಡಿಸಿದರೆ ಆ ಕ್ಷಣಕ್ಕೆ ವಾಸಿ. ಬ್ಯಾಟರಿ ಬದಲಿಸಿದರೆ ಕೆಲವು ವರ್ಷಗಳಿಗೆ ವಾಸಿ. ಸಣ್ಣ ವೆಚ್ಚದ ಕೆಲಸ. ಇದನ್ನರಿಯದೆ ಹೊಸ ಗಣಕಯಂತ್ರವನ್ನೇ ಕೊಂಡವರೂ ಇಲ್ಲದಿಲ್ಲ.

ಕೆಲವು ಯಂತ್ರಗಳಿಗೆ ಮಾತ್ರ ನಿಜವಾಗಿಯೂ ವಯಸ್ಸಾಗಿರುತ್ತದೆ. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಕೈಬಿಟ್ಟಿತು, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ. ಮೊದಲನೆಯದರಲ್ಲಿ ವಾಟ್ಸ್‌ಆ್ಯಪಿನ ಹೊಸ ಆ್ಯಪು ನಡೆಯುವುದಿಲ್ಲ. ಆ್ಯಪುಗಳೇ ತೀರಿಹೋಗುವುದೂ ಉಂಟು. ಪರದೇಶದ ಮಕ್ಕಳ ಮುಖವನ್ನು ಎಷ್ಟೋ ಮನೆಗಳಿಗೆ ಮೊದಲು ತೋರಿಸಿದ ಸ್ಕೈಪ್ 2025ರ ಮೇ 5ರಂದು ಮುಚ್ಚಿತು. ಫೇಸ್‌ಬುಕ್ಕಿನ ಮೆಸೆಂಜರನ್ನು ಗಣಕದಲ್ಲಿ ಬೇರೆಯಾಗಿ ನಡೆಸುತ್ತಿದ್ದ ಆ್ಯಪು ಅದೇ ವರ್ಷದ ಡಿಸೆಂಬರ್ 15ರಂದು. ಅವುಗಳ ಚಿತ್ರ ಪರದೆಯ ಮೇಲೆ ಇನ್ನೂ ಉಳಿದಿದ್ದರೆ ಒತ್ತುತ್ತ ಕೂಡುವುದು ವ್ಯರ್ಥ.

ಕನ್ನಡದ ಮನೆಗಳಲ್ಲಿ ಕಾಣುವ ತೊಡಕೊಂದಿದೆ. ಅದು ಮಂಕಾದ ಸಾಲಲ್ಲ, ಮಂಕಾದ ಪತ್ರ. ಹಳೆಯ ‘ನುಡಿ’ಯಲ್ಲೋ ‘ಬರಹ’ದಲ್ಲೋ ಬೆರಳಚ್ಚಿಸಿದ ಆಮಂತ್ರಣವನ್ನು ನಕಲು ಮಾಡಿ ಸಂದೇಶದಲ್ಲಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಆ ಕಾಲದ ಲಿಪಿಗಳು ಇಂಗ್ಲಿಷ್ ಅಕ್ಷರದ ಮೇಲೆ ಕನ್ನಡದ ವೇಷ ತೊಡಿಸಿದವು. ವೇಷ ಕಳಚಿದರೆ ಒಳಗಿನದು ಕಾಣುತ್ತದೆ. ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿ ಅಂಟಿಸಿದರೆ ಸರಿಹೋಗುತ್ತದೆ. ಪರಿವರ್ತಿಸುವ ಸಲಕರಣೆ ನುಡಿ ತಂತ್ರಾಂಶದಲ್ಲಿಯೇ ದೊರೆಯುತ್ತದೆ.

ಇವೆಲ್ಲವನ್ನೂ ನೋಡಿದ ಮೇಲೆಯೂ ಸಾಲು ಬಾರದಿದ್ದರೆ ಆ್ಯಪನ್ನು ಮುಚ್ಚಿ ತೆರೆಯುವುದು, ಫೋನಿನಲ್ಲಿಯೂ ಗಣಕದಲ್ಲಿಯೂ ಹೊಸ ಆವೃತ್ತಿಯನ್ನು ಹಾಕುವುದು ಮೊದಲು. ಕಳಚಿ ಮತ್ತೆ ಜೋಡಿಸುವುದು ಕಟ್ಟಕಡೆಗೆ, ಅದೂ ಫೋನು ಕೈಯಲ್ಲಿದ್ದಾಗ. ಮತ್ತೆ ಜೋಡಿಸಿದಾಗ ಹಳೆಯ ಸಂದೇಶಗಳೆಲ್ಲ ಗಣಕಕ್ಕೆ ಬರುವುದಿಲ್ಲ. ಬಾರದವು ಫೋನಿನಲ್ಲಿರುತ್ತವೆ, ಗಾಬರಿ ಬೇಡ.

ಗಾಬರಿಯೇ ಇಲ್ಲಿ ದುಬಾರಿಯಾದುದು. ಸಾಲು ಕಾಣದೆ ಕಂಗೆಟ್ಟವರು ಗೂಗಲಿನಲ್ಲಿ ‘ಗ್ರಾಹಕ ಸೇವಾ ಸಂಖ್ಯೆ’ಯನ್ನು ಹುಡುಕುತ್ತಾರೆ. ಅಲ್ಲಿ ಸಿಗುವ ಸಂಖ್ಯೆಗಳಲ್ಲಿ ಕಳ್ಳರು ಇಟ್ಟವೂ ಇರುತ್ತವೆ. ಆ ಕಡೆಯ ಧ್ವನಿ ಬಲು ವಿನಯದ್ದು: ಎನಿಡೆಸ್ಕ್‌ನಂಥದೊಂದನ್ನು ಹಾಕಿಕೊಳ್ಳಿರಿ, ನಿಮ್ಮ ಪರದೆಯನ್ನು ನಮಗೆ ತೋರಿಸಿರಿ, ಫೋನಿಗೆ ಬಂದ ಆರಂಕಿಯನ್ನು ಹೇಳಿರಿ. ಹೇಳಿದವರ ಖಾತೆಯೂ ಹೋಗುತ್ತದೆ, ಬ್ಯಾಂಕಿನ ಹಣವೂ ಹೋಗುತ್ತದೆ. ಇಲ್ಲದ ಸಾಲುಗಳನ್ನು ತೆರೆದುಕೊಡುವ ‘ಗುಲಾಬಿ ವಾಟ್ಸ್‌ಆ್ಯಪ್’ ಎಂದು ಹರಿದಾಡುವ ಕೊಂಡಿಗಳೂ ಈ ಜಾತಿಯವೇ. ನಿಜವಾದ ಸಹಾಯವು ಆ್ಯಪಿನ ಸೆಟ್ಟಿಂಗ್ಸಿನೊಳಗೆ ‘ಹೆಲ್ಪ್’ ಎಂಬಲ್ಲಿದೆ. ಹಣ ಹೋಗಿಯೇಬಿಟ್ಟರೆ ಕ್ಷಣ ತಡೆಯದೆ 1930ಕ್ಕೆ ಕರೆ ಮಾಡಬೇಕು.

ಮಾಸ್ತರರ ಮಗಳು ಹುಕ್ಕೇರಿಯಲ್ಲಿ ಇನ್ನೊಂದನ್ನು ಕಂಡಿದ್ದಳು. ಬಸ್ ನಿಲ್ದಾಣದ ಹತ್ತಿರದ ಝೆರಾಕ್ಸ್ ಅಂಗಡಿಗೆ ಮಗನ ಅರ್ಜಿಯನ್ನು ಮುದ್ರಿಸಲು ಹೋದಾಗ, ಅಲ್ಲಿಯ ಗಣಕದಲ್ಲಿ ಯಾರೋ ಅಪರಿಚಿತ ಹೆಣ್ಣುಮಗಳ ವಾಟ್ಸ್‌ಆ್ಯಪ್ ತೆರೆದೇ ಇತ್ತು. ಆಸ್ಪತ್ರೆಯ ಕಾಗದಗಳು, ಮನೆಯವರ ಚಿತ್ರಗಳು, ಎಲ್ಲವೂ ಬಂದುಹೋಗುವವರ ಕಣ್ಣೆದುರಿಗೆ. ಕಾಗದ ಮುದ್ರಿಸಲು ಬಂದು, ತನ್ನ ಫೋನಿನಿಂದ ಚೌಕವನ್ನು ಹಿಡಿದು ತೆರೆದಿದ್ದ ಆಕೆ, ಮುಚ್ಚದೆ ಬಸ್ಸು ಹತ್ತಿ ಹೋಗಿದ್ದಳು. ಅಂಗಡಿಯ ಹುಡುಗನನ್ನು ಕರೆದು ಮಗಳು ಹೇಳಿದಳು: “ತಮ್ಮಾ, ಇದನ್ನ ಮೊದಲ ಲಾಗೌಟ್ ಮಾಡಪಾ. ಅಕಿ ಯಾರೋ ಏನೋ, ಅಕಿಗೂ ಒಂದು ಮನಿ ಐತಿ.” ಹುಡುಗನು ನಾಚಿ ಮಾಡಿದನು.

ಅಂಗಡಿಯ ನಂಬರಿಗೆ ಕಾಗದವನ್ನು ಕಳಿಸಿ ಮುದ್ರಿಸಿಕೊಳ್ಳಬಹುದು. ಸ್ವಂತ ಖಾತೆಯನ್ನು ಪರರ ಯಂತ್ರದಲ್ಲಿ ತೆರೆಯುವ ಅಗತ್ಯವೇ ಇಲ್ಲ. ತೆರೆದು ಮರೆತವರು ಮತ್ತೆ ಹುಕ್ಕೇರಿಯ ಬಸ್ಸು ಹಿಡಿಯಬೇಕಾಗಿಯೂ ಇಲ್ಲ. ಫೋನಿನ ವಾಟ್ಸ್‌ಆ್ಯಪಿನಲ್ಲಿ ‘ಲಿಂಕ್ಡ್ ಡಿವೈಸಸ್’ ಎಂಬಲ್ಲಿ ಒತ್ತಿದರೆ ತಮ್ಮ ಖಾತೆಯು ಯಾವ ಯಾವ ಯಂತ್ರಗಳಲ್ಲಿ ತೆರೆದಿದೆ, ಕೊನೆಯ ಸಲ ಎಂದು ನಡೆದಿತ್ತು ಎಂಬ ಪಟ್ಟಿ ಬರುತ್ತದೆ. ಗುರುತಿಲ್ಲದ ಹೆಸರಿನ ಮೇಲೆ ಒತ್ತಿ ‘ಲಾಗ್ ಔಟ್’ ಎಂದರೆ, ಅದು ಎಷ್ಟು ದೂರದ ಅಂಗಡಿಯಲ್ಲಿದ್ದರೂ ಮುಚ್ಚುತ್ತದೆ. ಮೂಡಲಗಿಯ ಮಾಸ್ತರರು ಮಗಳ ಮಾತಿನಂತೆ ಆ ಪಟ್ಟಿಯನ್ನು ತೆರೆದರು. ಅದರಲ್ಲಿ ಎರಡು ಯಂತ್ರಗಳಿದ್ದವು: ಒಂದು ನಡುಮನೆಯದು, ಇನ್ನೊಂದು, ಪಿಂಚಣಿಯ ಕಾಗದಕ್ಕಾಗಿ ಅವರು ಎಂದೋ ಹೋಗಿ ಕುಳಿತಿದ್ದ ಗೋಕಾಕದ ಅಂಗಡಿಯೊಂದರದು.